ಕಾಜಲಳ ಮನೆಗೆ ಹತ್ತಿರದ ಯುನಿವರ್ಸಿಟಿ

ಸಂಜೆಯಾಗುತ್ತಲೇ ಬಾಪುಸಾಹೇಬರು ಬಂದು ಪಡಸಾಲೆಯಲ್ಲಿ ಕೂತರೆಂದರೆ ಚರ್ಚೆ ಶುರುವಾಯಿತೆಂದೇ ಅರ್ಥ. ಕೊಕಟನೂರಿನಲ್ಲಿ ಅವರ ತಮ್ಮ ಪಾರಿಸನ ಮನೆಯಲ್ಲಿ ತಿಂಗಳಿಂದ ಇದ್ದದ್ದು ಒಂದೇ ಮಾತು: ಪಾರಿಸನ ಮಗಳು ಪೂನಮ ಯಾವ ಯುನಿವರ್ಸಿಟಿಗೆ ಹೋಗಬೇಕು? ಕೃಷಿ ಪದವಿ ಮುಗಿಸಿದ ಹುಡುಗಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಇನ್ನೊಂದು ನ್ಯೂಜಿಲೆಂಡಿನ ಒಂದು ಸಣ್ಣ ಊರಿನಲ್ಲಿ. ಒಪ್ಪಿಗೆ ತಿಳಿಸಲು ನಾಳೆಯೇ ಕಡೆಯ ದಿನ. ಅವಳಿಗೆ ಬೇಕಾದದ್ದು ಸಣ್ಣ ಊರು. ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

"ಸಿಡ್ನಿಯೊಳಗ ನಮ್ಮ ಕಾಜಲ ಅದಾಳ, ಅಳಿಯಾ ಅದಾನ," ಎಂದರು ಬಾಪುಸಾಹೇಬರು. ಕಾಜಲ ಅವರ ಮಗಳು. "ಬಾಡಿಗಿ ಇಲ್ಲ, ಏನಿಲ್ಲ. ಹೊತ್ತ ಮುಳುಗೂದ್ರಾಗ ಮನಿ ಊಟ. ಕಾಜಲನ ಕೂಸು ಸಣ್ಣದು, ಪೂನಮ ಇದ್ರ ಆಕಿಗೂ ಕೈಗಾಸರ ಆಗತೈತಿ."

"ದೊಡ್ಡಪ್ಪಾ, ನಾ ಓದಾಕ ಹೊಂಟೀನಿ," ಎಂದಳು ಪೂನಮ, ರೊಟ್ಟಿ ಬಡಿಸುತ್ತ.

"ಓದಬ್ಯಾಡ ಅಂದವರ ಯಾರ್ ಬೇ? ಆ ಸಣ್ಣ ಊರಾಗ ನಮ್ಮ ಮಂದಿ ಒಬ್ಬರಿಲ್ಲ. ಜ್ವರ ಬಂದು ಮಲಗಿದ್ರ ಗಂಜಿ ಕಾಸಿ ಕೊಡಾವರ ಯಾರು?"

ಆ ಪ್ರಶ್ನೆ ಸುಳ್ಳಲ್ಲ. ಪಾರಿಸನ ಹೆಂಡತಿ ಕಾಶಿಬಾಯಿಗೂ ಅದೇ ಚಿಂತೆ. ಪಾರಿಸ ಮಾತ್ರ ಅಣ್ಣ ಹೇಳಿದ್ದಕ್ಕೂ ಹೂಂ, ಮಗಳು ಹೇಳಿದ್ದಕ್ಕೂ ಹೂಂ. ಅವನ ತಲೆ ಚಿಟ್ಟು ಹಿಡಿದುಹೋಗಿತ್ತು. ಯಾರಾದರೂ ಒಬ್ಬರು ಗೆದ್ದು ಇದೊಂದು ಮುಗಿದರೆ ಸಾಕು ಅನ್ನಿಸಿತ್ತು. ಅಣ್ಣ ಗೆದ್ದರೆ ಗಲಾಟೆ ಕಡಿಮೆ ಎಂಬುದೂ ಅವನ ಲೆಕ್ಕದಲ್ಲಿತ್ತು.

ಅವರದು ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರೂ ಇಲ್ಲ, ದೀಪಕ್ಕೆ ಬರುವ ಹುಳ ಬಾಯಿಗೆ ಬಿದ್ದೀತೆಂಬ ಭಯ. ಗಂಡಸರು ಮಾತಾಡುತ್ತ, ಇನ್ನೊಂದು ರೊಟ್ಟಿ, ಇನ್ನಷ್ಟು ಪಲ್ಯ ಎನ್ನುತ್ತ ಆರಾಮಾಗಿ ಉಂಡರು. ಬಾಪುಸಾಹೇಬರು ಕೈ ತೊಳೆದು, "ಸಿಡ್ನಿ ಅಂತ ತಿಳಿಸಿಬಿಡ್ರಿ, ನಾಳೆ ಮತ್ತ ಬರ್ತೀನಿ," ಎಂದು ಹೊರಟರು.

ಟಾರ್ಚ್ ಹುಡುಕುತ್ತ ಹಿತ್ತಲಿಗೆ ಹೋದ ಪಾರಿಸನಿಗೆ ಹೆಂಡತಿ ರೊಟ್ಟಿ ಮುರಿದು ಆಕಳ ಬುಟ್ಟಿಗೆ ಹಾಕುವುದು ಕಂಡಿತು. ಬುಟ್ಟಿ ತುಂಬುತ್ತ ಬಂದಿತ್ತು.

"ಇಷ್ಟ್ಯಾಕ ಉಳದಾವು?"

"ನಾವ ಉಂಡಿಲ್ಲಲ್ರಿ."

"ಯಾಕ?"

"ನಿಮ್ಮದು ಮುಗ್ಯೂದ್ರಾಗ ಹೊತ್ತ ಮುಳಿಗಿತು," ಎಂದಳು ಕಾಶಿಬಾಯಿ. ದೂರು ಹೇಳುವ ದನಿಯೇನೂ ಅಲ್ಲ.

"ನಿನ್ನೆ?"

"ನಿನ್ನೆನೂ ಹಂಗ. ಭಾವಾರು ಬಂದ ದಿನ ಹಂಗ ಆಗತೈತಿ. ಬಿಡ್ರಿ."

ಪಾರಿಸನಿಗೆ ನಾಚಿಕೆಯಾಯಿತು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವವನು ಅವನು, ದ್ರಾಕ್ಷಿ ತೋಟದಲ್ಲಿ ಇರುವೆ ಸಾಲು ಕಂಡರೆ ದಾಟಿ ಹೋಗುವವನು. ತನ್ನ ಅಡುಗೆಮನೆಯಲ್ಲಿ ಇಬ್ಬರು ತಿಂಗಳಿಂದ ಹಸಿದು ಮಲಗಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬೀಳುವಂತೆ ನೋಡಿಯೂ ಇರಲಿಲ್ಲ.

ಪಾತ್ರೆ ತಿಕ್ಕುತ್ತಿದ್ದ ಪೂನಮ ತಲೆ ಎತ್ತದೆ ಹೇಳಿದಳು: "ಸಿಡ್ನಿಯೊಳಗೂ ಹಿಂಗ ಆಗತೈತಿ ಅಪ್ಪಾ. ಅವರ ಊಟ, ಕೂಸಿನ ಊಟ, ಆಮ್ಯಾಲ ನನ್ನ ಓದು. ನನಗ ಜಗಳ ಮಾಡೂ ಶಕ್ತಿ ಇಲ್ಲ. ನೀವ ಏನ್ ಹೇಳ್ತೀರಿ ಅದನ್ನ ಮೊಬೈಲನ್ಯಾಗ ಒತ್ತತೀನಿ."

ಸಿಟ್ಟಿನಿಂದ ಅಂದಿದ್ದರೆ ಅವನು ತಿರುಗಿ ಗದರಿಸುತ್ತಿದ್ದ. ಅವಳು ಹೀಗೆ ಸೋತು ಅಂದದ್ದರಿಂದ ಟಾರ್ಚ್ ಮರೆತು ಒಳಗೆ ನಡೆದ.

ಮರುದಿನ ಬಾಪುಸಾಹೇಬರು ಬಂದಾಗ ಪಡಸಾಲೆಯಲ್ಲಿ ಎರಡೇ ತಾಟು ಹಾಕಿದ್ದವು. ಒಂದರ ಮುಂದೆ ಪೂನಮ, ಇನ್ನೊಂದರ ಮುಂದೆ ಸೆರಗು ಎಳೆದುಕೊಂಡು ಮುಳ್ಳಿನ ಮೇಲೆ ಕೂತಂತೆ ಕೂತ ಕಾಶಿಬಾಯಿ. ಬಡಿಸುತ್ತಿದ್ದವನು ಪಾರಿಸ, ಪಲ್ಯ ಅರ್ಧ ತಾಟಿಗೆ, ಅರ್ಧ ನೆಲಕ್ಕೆ.

"ಏನಲೇ ಇದು? ನನ್ನ ತಾಟ ಎಲ್ಲಿ?"

"ಕುಂದ್ರು ಅಣ್ಣಾ. ಇವರದು ಆಗ್ಲಿ. ಹೊತ್ತ ಉಳದ್ರ ನಾವ ಉಣ್ಣೂನು."

ಕಾಶಿಬಾಯಿ ಏಳಹೋದಳು. ಪಾರಿಸ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಕೂರಿಸಿದ. ಆಮೇಲೆ ಮಗಳ ಎದುರು ಕೂತು ಕೇಳಿದ, "ಪೂನಮ, ಆ ಸಣ್ಣ ಊರಾಗ ಏನ್ ಕಲಸ್ತಾರ?"

ಪೂನಮಳ ಕೈ ತಾಟಿನಲ್ಲೇ ನಿಂತಿತು. ಬಾಡಿಗೆ, ಬಸದಿ, ಕಾಜಲಳ ಕೂಸು ಎಲ್ಲದರ ಮಾತೂ ಆಗಿತ್ತು. ತಿಂಗಳಿಡೀ ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ದ್ರಾಕ್ಷಿ ಅಪ್ಪಾ," ಎಂದಳು. "ಬಳ್ಳಿಗೆ ಬೂದಿ ರೋಗ ಬರತೈತಲ್ಲ, ಔಷಧ ಕಡಿಮಿ ಮಾಡಿ ಅದನ್ನ ತಡಿಯೂದು. ಊರ ಸುತ್ತ ತೋಟನ ಅದಾವು. ಸಿಡ್ನಿಯೊಳಗ ಸಿಕ್ಕದ್ದು ಬ್ಯಾರೆ ಕೋರ್ಸು, ಆಫೀಸಿಂದು."

ನಿಧಾನಕ್ಕೆ ಶುರುವಾದ ಮಾತು ಬೆಳೆಯಿತು. ಹಾಸ್ಟೆಲಿನಲ್ಲಿ ತಾನೇ ಅಡುಗೆ ಮಾಡಿಕೊಳ್ಳುವುದು, ಕಾಯಿಲೆ ಬಿದ್ದರೆ ಕಾಲೇಜಿನ ದವಾಖಾನೆ, ಎಲ್ಲವನ್ನೂ ಅವಳು ಎಂದೋ ವಿಚಾರಿಸಿಟ್ಟಿದ್ದಳು. ಬಾಪುಸಾಹೇಬರು ನಡುವೆ ಎರಡು ಸಲ ಬಾಯಿ ಹಾಕಿದರು, ಎರಡು ಸಲವೂ ಪಾರಿಸ, "ಆಕೀದು ಮುಗೀಲಿ ಅಣ್ಣಾ," ಎಂದ.

ಮುಗಿದ ಮೇಲೆ ಅವನು ಮಗಳಿಗೆ, "ಅದನ್ನ ತಿಳಿಸಿಬಿಡು," ಎಂದ. ಪೂನಮ ಕೈ ತೊಳೆದು ಬಂದು ಮೊಬೈಲಿನಲ್ಲಿ ಒಪ್ಪಿಗೆ ಒತ್ತಿದಳು.

"ಕಾಜಲಗ ನಾ ಏನ್ ಹೇಳ್ಲಿ?" ಎಂದರು ಬಾಪುಸಾಹೇಬರು.

"ಕೂಸು ನೋಡಾಕ ಬ್ಯಾರೆ ಯಾರನ್ನರ ನೋಡು ಅಂತ ಹೇಳ ಅಣ್ಣಾ."

ಬಾಪುಸಾಹೇಬರು ಸಿಟ್ಟಿನಿಂದ ಏಳಬೇಕೆಂದು ಹೊರಗೆ ನೋಡಿದರು. ಹೊತ್ತು ಮುಳುಗಿತ್ತು. ಮತ್ತೆ ಕುರ್ಚಿಗೆ ಒರಗಿ, "ಹೊಟ್ಟಿ ಹಸದೈತಲ್ಲೋ ಪಾರಿಸ," ಎಂದರು.

ತಾಟು ಎತ್ತುತ್ತಿದ್ದ ಕಾಶಿಬಾಯಿಗೆ ನಿಜಕ್ಕೂ ಕನಿಕರವಾಯಿತು. "ನಾಕ ದಿನ ಹಂಗ ಅನಸತೈತ್ರಿ ಭಾವಾರ," ಎಂದಳು ಮೆಲ್ಲಗೆ. "ಆಮ್ಯಾಲ ರೂಢಿ ಆಗತೈತಿ. ನಮಗ ಆಗೇತಲ್ರಿ."