ಜೇಕಿನ ಮೂರು ಮೂಲೆ

ಮದುವೆಯಾಗಿ ಬಂದ ಎಂಟನೇ ದಿನ ನಮ್ಮತ್ತೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಈರುಳ್ಳಿ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದರು. ಎಳೆ ಈರುಳ್ಳಿಯ ನಡುವೆ ಜೇಕು ಎಂಬ ಕಳೆಹುಲ್ಲು ಎದ್ದಿತ್ತು. ಎರಡೂ ಹಸಿರು, ಎರಡೂ ನೆಟ್ಟಗೆ. ನನ್ನ ಕಣ್ಣಿಗೆ ಎರಡೂ ಅವಳಿ ಜವಳಿ.

"ಬುಡದ ಹತ್ರ ಬೆರಳಲ್ಲಿ ಹೊರಳಿಸಿ ನೋಡು. ಈರುಳ್ಳಿ ಗುಂಡಗಿರುತ್ತೆ, ಜೇಕಿಗೆ ಮೂರು ಮೂಲೆ. ಮೇಲೆ ಮೇಲೆ ಕಿತ್ರೆ ವಾರದಲ್ಲಿ ಮತ್ತೆ ಏಳುತ್ತೆ, ಗಡ್ಡೆ ಸಮೇತ ತೆಗೀಬೇಕು," ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ, ನಾನು ಕೀಳದೆ ಬಿಟ್ಟಿದ್ದ ಹನ್ನೊಂದು ಜೇಕನ್ನು ಮಣ್ಣು ಸಮೇತ ತಂದು ನನ್ನ ತಟ್ಟೆಗೆ ಹಾಕಿದರು. ಮಾವ ಇದ್ದರು, ಗಂಡನ ಅಕ್ಕ ಇದ್ದರು, ಮದುವೆ ಮುಗಿದರೂ ಜಾಗ ಬಿಡದ ನೆಂಟರಿದ್ದರು. "ಕಣ್ಣಿದ್ದೂ ಕುರುಡಿ ಇವಳು," ಎಂದರು ಅತ್ತೆ. ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ಪಾಪ, ಅಮ್ಮ ನಕ್ಕಾಗ ನಗುವುದು ಅವರಿಗೆ ಆಕಳಿಕೆಯ ಹಾಗೆ, ತಡೆಯಲಾಗುವುದಿಲ್ಲ. ಅಂದಿನಿಂದ ಕುರುಡಿ ಎಂಬುದೇ ನನ್ನ ಹೆಸರಾಯಿತು. "ಕುರುಡಿ, ನೀರು ತಾ." ಹತ್ತೊಂಬತ್ತು ವರ್ಷ ತಂದುಕೊಟ್ಟೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಸ್ವಲ್ಪ ನಿಧಾನವಾಗಿ ಬಂತು, ಅಷ್ಟೇ. ಹೋದ ವರ್ಷದಿಂದ ಅತ್ತೆಯ ಕಣ್ಣು ಮಂಜಾಗತೊಡಗಿತು. ಡಾಕ್ಟರು ಕೈಚೆಲ್ಲಿದರು. ಇನ್ನೆಷ್ಟು ಕಾಣುತ್ತದೆ ಎಂಬ ಬಗ್ಗೆ ಮಾತ್ರ ಅತ್ತೆ ಬಾಯಿ ಬಿಡಲಿಲ್ಲ. ಎರಡು ಸಲ ಮೆಟ್ಟಿಲು ತಪ್ಪಿ ಬಿದ್ದ ಮೇಲೆ ಯಜಮಾನರು ಧೈರ್ಯ ಮಾಡಿ ಹೇಳಿದರು.

"ಅಮ್ಮ, ಈಗ ಅಪ್ಪನೂ ಇಲ್ಲ, ನಾವಿಬ್ರೂ ಕೆಲ್ಸಕ್ಕೆ ಹೋದ್ರೆ ಸಂಜೆಗೇ ಬರೋದು. ನಿಂಗೆ ಕಾಣ್ಸಲ್ಲ ಅಂದ್ರೆ ಅಕ್ಕನ ಮನೇಲಿರು."

ಅಕ್ಕನ ಮನೆ ನಾಲ್ಕನೇ ಮಹಡಿಯಲ್ಲಿ. ಅಲ್ಲಿ ಹಿಡಿ ಮಣ್ಣೂ ಇಲ್ಲ.

"ಆ ಗೂಡಲ್ಲಿ ನಾನು ತಿಂಗಳು ಬದುಕಲ್ಲ," ಎಂದರು ಅತ್ತೆ. "ನಂಗೆ ಕಾಣ್ಸುತ್ತೆ. ಭಾನುವಾರ ಈರುಳ್ಳಿ ಪಾತಿ ಕಳೆ ತೆಗೀತೀನಿ, ಕೂತು ನೋಡು. ತಪ್ಪಿ ಒಂದು ಈರುಳ್ಳಿ ಕಿತ್ರೂ ನಾನೇ ಪೆಟ್ಟಿಗೆ ಕಟ್ತೀನಿ."

ಭಾನುವಾರ ಯಜಮಾನರು ಪೇಪರ್ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಅತ್ತೆ ಪಾತಿಗಿಳಿದರು. ಮುಖ ಗೋಡೆಯ ಕಡೆ, ಬೆರಳು ಮಾತ್ರ ಮಣ್ಣಲ್ಲಿ. ಪ್ರತಿ ಕಡ್ಡಿಯನ್ನೂ ಬುಡದಲ್ಲಿ ಹಿಡಿದು ಒಮ್ಮೆ ಹೊರಳಿಸುತ್ತಿದ್ದರು. ನನಗೆ ಆಗಲೇ ಗೊತ್ತಾಯಿತು. ಯಜಮಾನರಿಗೆ ಹೇಗೆ ಗೊತ್ತಾಗಬೇಕು, ಹುಟ್ಟಿದಾಗಿನಿಂದ ಒಂದು ಹುಲ್ಲೂ ಕಿತ್ತವರಲ್ಲ.

ಒಂದು ಗಂಟೆಯಲ್ಲಿ ಪಾತಿ ಚೊಕ್ಕಟವಾಯಿತು. ರಾಶಿ ಕೆದಕಿ ನೋಡಿದೆ. ಒಂದು ಈರುಳ್ಳಿಯೂ ಇರಲಿಲ್ಲ, ಒಂದೊಂದು ಜೇಕಿನ ಬುಡಕ್ಕೂ ಕರಿ ಗಡ್ಡೆ ಇತ್ತು. ಸುಮ್ಮನಿದ್ದುಬಿಡೋಣ ಎಂದುಕೊಂಡೆ, ದೇವರಾಣೆ.

"ನೋಡಿದ್ಯಾ, ಅಮ್ಮಂಗೆ ಚೆನ್ನಾಗೇ ಕಾಣ್ಸುತ್ತೆ," ಎಂದರು ಯಜಮಾನರು.

ಅತ್ತೆಯ ಮುಖ ಅರಳಿತು. "ಕುರುಡಿ, ಕೈ ತೊಳ್ಯಕ್ಕೆ ನೀರು ತಾ."

ನೀರು ತಂದು ಕೈಗೆ ಹೊಯ್ದೆ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಡ್ಡಿ ಹಿಡಿದವಳ ಹಾಗೆ ಎರಡು ಬೆರಳು ಜೋಡಿಸಿ ಬರಿಗೈ ಎತ್ತಿದೆ.

"ಅತ್ತೆ, ಇದೊಂದು ಉಳ್ಕೊಂಡಿದೆ ನೋಡಿ. ಈರುಳ್ಳಿನಾ, ಜೇಕಾ?"

ಯಜಮಾನರು ನನ್ನ ಕೈ ನೋಡಿದರು, ಬಾಯಿ ತೆರೆದರು. ನಾನು ಇನ್ನೊಂದು ಕೈಯಿಂದ ಸುಮ್ಮನಿರಿ ಎಂದು ಸನ್ನೆ ಮಾಡಿದೆ.

ಅತ್ತೆ ಕತ್ತು ಮುಂದೆ ಚಾಚಿ ಕಣ್ಣು ಕಿರಿದು ಮಾಡಿದರು. "ಜೇಕು ಕಣೇ. ಹೂವೂ ಬಿಟ್ಟಿದೆಯಲ್ಲ, ಕಾಣ್ಸಲ್ವಾ ನಿಂಗೆ?"

ಯಜಮಾನರ ಕೈಯಿಂದ ಪೇಪರ್ ಜಾರಿ ಮೆಟ್ಟಿಲ ಮೇಲೆ ಬಿತ್ತು. ಆ ಸದ್ದಿಗೇ ಅತ್ತೆಗೆ ಅರ್ಥವಾಗಿರಬೇಕು.

"ಕೈಲಿ ಏನೂ ಇಲ್ವೇನೇ?"

"ಏನೂ ಇಲ್ಲ, ಅತ್ತೆ."

ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಅತ್ತೆ ಉಗುರಿನ ಮಣ್ಣು ಕೆರೆದುಕೊಂಡರು. "ನನ್ನನ್ನೂ ಗಡ್ಡೆ ಸಮೇತ ಕಿತ್ತೆ," ಎಂದರು. "ನಾನು ಹೇಳ್ಕೊಟ್ಟಿದ್ದು ಮರ್ತಿಲ್ಲ ನೀನು."

ಯಜಮಾನರು ಅಕ್ಕನಿಗೆ ಫೋನ್ ಮಾಡಲು ಒಳಗೆ ಹೋದರು. ಅತ್ತೆ ಕಳೆ ತೆಗೆದು ಮುಗಿದ ಪಾತಿಯಲ್ಲೇ ಮತ್ತೆ ಬೆರಳಾಡಿಸುತ್ತಿದ್ದರು. ನಾನು ಅಟ್ಟದಿಂದ ಪೆಟ್ಟಿಗೆ ಇಳಿಸಲು ಹೋದೆ.