ಇರ್ಮಾಳ ಮಿಠಾಯಿ ಚೀಲ

"ಎಲ್ಲಿ, ಪದ್ಯ ಒಂದ್ಸಲ ಹೇಳು ನೋಡೋಣ," ಎಂದಳು ಎಮಿಲಿಯಾ.

ಇರ್ಮಾ ನೆಲದ ಮೇಲೆ ಮಂಡಿಯೂರಿ, ತಾಯಿಯ ಊದಿದ ಪಾದವನ್ನು ಉಣ್ಣೆಯ ಬೂಟಿನೊಳಗೆ ತೂರಿಸುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದವಳು ಇನ್ನೂ ಕೋಟು ಬಿಚ್ಚಿರಲಿಲ್ಲ. ಬೆರಳುಗಳಲ್ಲಿ ಬಟ್ಟೆ ಸೋಡಾದ ವಾಸನೆ ಹಾಗೇ ಇತ್ತು.

"ನಂಗೆ ಬರುತ್ತಮ್ಮ."

"ಹೋದ್ವರ್ಷಾನೂ ಹಿಂಗೇ ಅಂದಿದ್ದೆ. ಮೂರ್ನೇ ಸಾಲು ನುಂಗ್ಬಿಟ್ಟೆ. ನನ್ನ ಮಾನ ಹೋಯ್ತು."

"ಕಾಲು ಬೂಟೊಳಕ್ಕೆ ಒತ್ತಮ್ಮ ಸ್ವಲ್ಪ."

ಕ್ರಿಸ್‌ಮಸ್‌ನ ಹಿಂದಿನ ಸಂಜೆ ಪ್ರಾರ್ಥನಾ ಮನೆಯಲ್ಲಿ ಮಕ್ಕಳು ಆಡುವ ನಾಟಕವನ್ನು ಈ ಮನೆಯವರು ತಪ್ಪಿಸಿದ ವರ್ಷವಿಲ್ಲ. ನಾಟಕ ಮುಗಿದ ಮೇಲೆ ಮಕ್ಕಳ ಹೆಸರು ಕೂಗುತ್ತಾರೆ. ಕ್ರಿಸ್‌ಮಸ್ ಮರದ ಕೆಳಗೆ ನಿಂತು ಪದ್ಯ ಹೇಳಿದವರಿಗೆ ಮಿಠಾಯಿ, ಅಕ್ರೋಟು, ಕಿತ್ತಳೆ ತುಂಬಿದ ಕಾಗದದ ಚೀಲ. ಮದುವೆಯಾಗುವ ತನಕ ಎಲ್ಲರೂ ಮಕ್ಕಳೇ ಎಂದು ಕಲ್ಲಿದ್ದಲ ಗಣಿಯೂರು ಕರಗಂಡಾದ ಈ ಜರ್ಮನ್ ಸಭೆಯ ಹಿರಿಯರು ಯಾವತ್ತೋ ಮಾಡಿಟ್ಟ ಕಟ್ಟಳೆ. ತಂಗಿ ನೆಲ್ಲಿ ಹತ್ತೊಂಬತ್ತಕ್ಕೇ ಚೀಲ ಬಿಟ್ಟು ಗಂಡನ ಪಕ್ಕ ಹೋಗಿ ಕೂತಳು. ಇರ್ಮಾಗೆ ಈಗ ನಲವತ್ತಾರು. ವರ್ಷ ವರ್ಷವೂ ಪದ್ಯ ಆರಿಸಿ ಬಾಯಿಪಾಠ ಮಾಡಿಸುವುದು ಎಮಿಲಿಯಾಳ ಕೆಲಸ.

ಹೋದ ವರ್ಷ ಸಾಲಿನಲ್ಲಿ ಹಿಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು, "ಈ ಅಜ್ಜಿ ಯಾಕೆ ನಮ್ ಜೊತೆ ನಿಂತವ್ಳೆ?" ಎಂದು ಜೋರಾಗಿ ಕೇಳಿದ್ದಳು. ಇಡೀ ಸಭೆ ನಕ್ಕಿತ್ತು. ಇರ್ಮಾನೂ ನಕ್ಕಳು. ಮನೆ ಮುಟ್ಟುವವರೆಗೂ ಆ ನಗು ಮುಖದ ಮೇಲೇ ಇತ್ತು, ದವಡೆ ನೋಯುತ್ತಿತ್ತು.

ಹಾಗಾಗಿ ಹೋದ ಭಾನುವಾರ, ಚೀಲ ಕಟ್ಟುವ ಹುಲ್ಡಾ ಚಿಕ್ಕಮ್ಮನ ಹತ್ತಿರ ಒಬ್ಬಳೇ ಹೋಗಿ, "ಈ ಸಲ ನಂದು ಕಟ್ಬೇಡಿ," ಎಂದು ಹೇಳಿ ಬಂದಿದ್ದಳು. ತಾಯಿಗೆ ಹೇಳಲು ಬಾಯಿ ಬಂದಿರಲಿಲ್ಲ.

ಮೆಟ್ಟಿಲಿಳಿಸಿ, ಹೆಪ್ಪುಗಟ್ಟಿದ ರಸ್ತೆಯಲ್ಲಿ ತೋಳು ಹಿಡಿದು ನಡೆಸಿ, ಬಸ್ಸು ಹತ್ತಿಸಿ, ಪ್ರಾರ್ಥನಾ ಮನೆಯ ಎರಡನೇ ಬೆಂಚಿನಲ್ಲಿ ಕೂರಿಸುವಷ್ಟರಲ್ಲಿ ಇರ್ಮಾಳ ಸೊಂಟ ಬಿದ್ದುಹೋಗಿತ್ತು. ನಾಟಕ ಅದೇ. ಕುರುಬರಿಗೆ ಅಪ್ಪಂದಿರ ಹತ್ತಿ ತುಂಬಿದ ಕೋಟು, ದೇವದೂತನಿಗೆ ಕಿಟಕಿ ಪರದೆಯ ರೆಕ್ಕೆ. ಛತ್ರದ ಯಜಮಾನನಾದ ಹುಡುಗ, "ಜಾಗ ಇಲ್ಲ" ಎಂದು ಆಕಳಿಸಿಕೊಂಡೇ ಹೇಳಿದ. ಜೋಸೆಫನ ಗಡ್ಡ ಕಳಚಿ ಬಿತ್ತು. ಎಮಿಲಿಯಾಳ ತುಟಿ ಪ್ರತಿ ಮಾತಿಗೂ ಅಲ್ಲಾಡುತ್ತಿತ್ತು. ಇರ್ಮಾ ಎರಡು ಸಲ ತೂಕಡಿಸಿದಳು.

ಹೆಸರು ಕೂಗಲು ಶುರುವಾದಾಗ ತಾಯಿಯ ಮೊಣಕೈ ತಿವಿಯಿತು. "ಬೆನ್ನು ನೆಟ್ಟಗೆ ಮಾಡ್ಕೋ. ಕೂದ್ಲು ನೋಡು."

ಮಕ್ಕಳು ಒಬ್ಬೊಬ್ಬರಾಗಿ ಹೋದರು, ತೊದಲಿದರು, ಚೀಲ ಅಪ್ಪಿಕೊಂಡು ಓಡಿದರು. ಮರದ ಕೆಳಗಿನ ರಾಶಿ ಕರಗುತ್ತಾ ಬಂತು.

"ನಿಂದು ಕೊನೇಲಿ ಇಟ್ಟವ್ರೆ," ಎಮಿಲಿಯಾ ಪಿಸುಗುಟ್ಟಿದಳು.

ಕೊನೆಯ ಚೀಲವೂ ಹೋಯಿತು. ಎಲ್ಲರೂ ಎದ್ದು ಹಾಡತೊಡಗಿದರು. ಎಮಿಲಿಯಾ ಹಾಡಲಿಲ್ಲ. ಹಾಡು ಮುಗಿಯುವುದನ್ನೂ ಕಾಯದೆ ಊರುಗೋಲು ಕುಟ್ಟಿಕೊಂಡು ಹುಲ್ಡಾಳ ಎದುರು ಹೋಗಿ ನಿಂತಳು. ಇರ್ಮಾ ಹಿಂದೆಯೇ ಹೋದಳು.

"ನನ್ ಮಗಳದ್ದು ಎಲ್ಲಿ ಹುಲ್ಡಾ?"

"ಅವಳೇ ಬೇಡ ಅಂದ್ಲಲ್ಲ! ನಿಂಗೆ ಹೇಳಿಲ್ವಾ?"

ಸುತ್ತ ನಿಂತ ಹೆಂಗಸರು ತಿರುಗಿ ನೋಡಿದರು. ಎಮಿಲಿಯಾ ಮಗಳ ಕಡೆ ನೋಡಲಿಲ್ಲ.

"ಹೇಳಿದ್ಲು, ಹೇಳಿದ್ಲು. ನಂಗೇ ಮರ್ತೋಯ್ತು ನೋಡು. ವಯಸ್ಸಾಯ್ತಲ್ಲ."

ಇಬ್ಬರೂ ಬಸ್ಸಿಗೆ ಕಾದು ನಿಂತರು. ಕಲ್ಲಿದ್ದಲ ಹೊಗೆಗೆ ಹಿಮ ಬೂದು ಬಣ್ಣಕ್ಕೆ ತಿರುಗಿತ್ತು. ಪ್ರತಿ ವರ್ಷ ಇದೇ ಜಾಗದಲ್ಲಿ ಎಮಿಲಿಯಾ ಚೀಲ ಬಿಚ್ಚಿ, ಹುಲ್ಡಾ ಈ ಸಲ ಅಕ್ರೋಟು ಕಮ್ಮಿ ಹಾಕಿದ್ದಾಳೆ ಎಂದು ಬೈಯುತ್ತಿದ್ದಳು.

"ಬೈಬಾರ್ದಾ ಅಮ್ಮ, ಒಂದ್ಸಲ ಬೈದ್ಬಿಡು."

"ಪದ್ಯ ಕಲ್ತಿದ್ಯೋ, ಅದೂ ಸುಳ್ಳೋ?"

"ಕಲ್ತಿದ್ದೀನಿ."

"ಮತ್ತೆ ಹೇಳು."

"ಇಲ್ಲೇನಾ? ಈ ಚಳೀಲಾ?"

ಎಮಿಲಿಯಾ ಊರುಗೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿದಳು. ಇರ್ಮಾ ಅತ್ತಿತ್ತ ನೋಡಿದಳು, ಯಾರೂ ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ರಸ್ತೆಯ ಕಡೆ ಮುಖ ಮಾಡಿ, ನಕ್ಷತ್ರದ ಮೇಲಿನ ನಾಲ್ಕು ಸಾಲು ಹೇಳಿದಳು. ಮೂರನೆಯದನ್ನು ನುಂಗಲಿಲ್ಲ. ಮುಗಿಯುತ್ತಿದ್ದಂತೆ, ಅಷ್ಟು ವರ್ಷ ಚೀಲ ಇಸಿದುಕೊಂಡ ರೂಢಿಗೆ, ಅವಳ ಎರಡು ಕೈಗಳೂ ಜೇಬಿನಿಂದ ಹೊರಬಂದು ತಾವಾಗಿಯೇ ಮುಂದೆ ಚಾಚಿಕೊಂಡವು.

ಎಮಿಲಿಯಾ ಆ ಕೈಗಳನ್ನೇ ನೋಡಿದಳು. ಸೋಡಾಗೆ ಬಿರಿದ ಕೈಗಳು. ಆಮೇಲೆ ತನ್ನ ಊರುಗೋಲನ್ನು ಅವುಗಳಲ್ಲಿಟ್ಟು, ಮಗಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, ಬಸ್ಸು ಬರುವ ದಿಕ್ಕಿಗೆ ತಿರುಗಿ ನಿಂತಳು.