ಇನ್ನೂರಾ ಹನ್ನೆರಡನೆಯ ಗಿಡ

ಕಾಣದ ಗಿಡದ ಮೇಲೆ ಹಕ್ಕಿ ಕೂರಿಸಿದ್ದು ತಪ್ಪಾಯಿತೇನೋ ಎಂದು ನಿಶಾತ ತನ್ನ ಡೈರಿಯಲ್ಲಿ ಬರೆದಳು. ಬರೆದದ್ದನ್ನು ಅಂಗೈಯಿಂದ ಮುಚ್ಚಿಕೊಂಡಳು. ಮನೆಯಲ್ಲಿ ಆಗ ಯಾರೂ ಇರಲಿಲ್ಲ. ಆದರೂ ಮುಚ್ಚಿಕೊಂಡಳು.

ಆಳಂದದ ಆ ಓಣಿಯಲ್ಲಿ ಅವಳ ಅಕ್ಷರಕ್ಕೆ ಹೆಸರಿತ್ತು, ಮಾತಿಗೆ ಇರಲಿಲ್ಲ. ಬಿ.ಕಾಂ. ಮುಗಿದು ಎರಡು ವರ್ಷವಾಗಿದ್ದರೂ ಯಾರಾದರೂ ಮಾತಾಡಿಸಿದರೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತುಬಿಡುವಳು. ಹಾಗಾಗಿಯೇ ಏಜೆಂಟ್ ಶಂಕರಲಿಂಗ ಬಂದು, "ತಂಗಿ, ನಮ್ಮ ವನಗಂಧ ಕಂಪನಿ ಅರ್ಜಿ ತುಂಬಿ ಕೊಡ್ತಿಯೇನವಾ? ನಿನ್ನ ಅಕ್ಷರ ಮುತ್ತು ಪೋಣಿಸಿದಂಗ ಅದಾವ," ಎಂದಾಗ ಹೂಂ ಅಂದಿದ್ದಳು. ಬರೆಯುವ ಕೆಲಸ, ಬಾಯಿ ಬಿಡಬೇಕಿಲ್ಲ ಅಂತ.

ಜೇವರ್ಗಿ ತಾಲೂಕಿನ ಅಂದೋಲಾದ ಆಚೆ ಕಂಪನಿಯ ಶ್ರೀಗಂಧದ ತೋಟ ಇದೆಯಂತೆ. ಇಪ್ಪತ್ತು ಸಾವಿರ ಕೊಟ್ಟರೆ ಒಂದು ಗಿಡ ನಿಮ್ಮ ಹೆಸರಿಗೆ. ನೀರು, ಕಾವಲು ಎಲ್ಲ ಕಂಪನಿಯದೇ. ಹನ್ನೆರಡು ವರ್ಷಕ್ಕೆ ಕಡಿದು ಮಾರಿ ಹತ್ತು ಪಟ್ಟು ಕೈಗಿಡುತ್ತಾರೆ. ದುಡ್ಡು ಕೊಟ್ಟವರಿಗೆಲ್ಲ ಗಿಡದ ನಂಬರು ಬರೆದ ಹಸಿರು ಕಾರ್ಡು.

ಬಾಯಿ ಬಿಡಬೇಕಿಲ್ಲ ಎಂದುಕೊಂಡದ್ದು ನಡೆಯಲಿಲ್ಲ. ಬಾಜು ಮನೆಯ ಪ್ಯಾರಿಬಿ ಖಾಲಾ ಅರ್ಜಿ ತುಂಬಿಸಲು ಬಂದವಳು, ದುಡ್ಡು ಕೂಡುವವರೆಗೆ ತನಗೆಂದು ತೆಗೆದಿಟ್ಟ ನಂಬರು ಇನ್ನೂರಾ ಹನ್ನೆರಡು ಎಂದು ಕೇಳಿ, "ಅದು ಹ್ಯಾಂಗ್ ಅದ ಬೇಟಿ, ನನ್ನ ಗಿಡ?" ಎಂದು ಕೇಳಿದಳು. ಗಂಡ ಹೋದ ಮೇಲೆ ಕೌದಿ ಹೊಲಿದು ಬದುಕುತ್ತಿದ್ದ ಖಾಲಾ, ತನ್ನದೆಂಬ ಗಿಡವನ್ನು ಯಾವತ್ತೂ ಕಂಡವಳಲ್ಲ. ನಿಶಾತ ಕಂಪನಿಯ ಪುಸ್ತಿಕೆಯ ಚಿತ್ರ ನೋಡಿದಳು. ಮೂರನೆಯ ಸಾಲು, ಬಾವಿಯ ಹತ್ತಿರ, ಅಂದಳು. ಬಳ್ಳಿಯಂಥ ಎಳೆ ಕೊಂಬೆ. ಸಂಜೆಯಾದರೆ ಒಂದು ಹಸಿರು ಹಕ್ಕಿ ಬಂದು ಕೂಡುತ್ತದೆ, ಅದರ ರೆಕ್ಕೆಗೂ ಗಂಧದ ವಾಸನೆ. ಯಾವಾಗಲೂ ಡೈರಿಯೊಳಗೇ ಹರಿಯುತ್ತಿದ್ದ ಮಾತು ಅಂದು ನಾಲಿಗೆಗೆ ಇಳಿದುಬಿಟ್ಟಿತ್ತು. ಖಾಲಾ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗಿಡ ಕೇಳಿಸಿಕೊಳ್ಳಲು ಬರತೊಡಗಿದರು.

ಎದುರು ಮನೆಯ ಗಂಗುಬಾಯಿಯಂತೂ ದುಡ್ಡು ಕೊಟ್ಟೇಬಿಟ್ಟಿದ್ದಳು. "ನನ್ನ ಗಿಡಕ್ಕ ನಮ್ಮ ಅತ್ತಿ ಹೆಸರು ಇಟ್ಟೇನಿ," ಎಂದು ನಗುತ್ತಿದ್ದಳು. "ಹನ್ನೆರಡು ವರ್ಷ ಸುಮ್ನ ನಿಂದ್ರಲಿ, ಆಮ್ಯಾಲ ನಾನ ನಿಂತು ಕಡಿಸ್ತೇನಿ!"

ಜನರ ದುಡ್ಡು ಒಟ್ಟುಗೂಡಿಸಿ ಲಾಭ ಕೊಡುತ್ತೇವೆನ್ನುವವರು ಮೊದಲು ಹೂಡಿಕೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯಲ್ಲಿ ನೋಂದಣಿ ಮಾಡಿಸಬೇಕು ಎಂಬುದನ್ನು ನಿಶಾತ ಕಾಲೇಜಿನ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದಳು. ಐದಕ್ಕೆ ಐದು ಬಂದಿತ್ತು. ಬರೆದದ್ದು ಉತ್ತರ ಪತ್ರಿಕೆಯಲ್ಲೇ ಉಳಿದಿತ್ತು. ಈಗ, ಒಂದು ಮಧ್ಯಾಹ್ನ, ಅರ್ಜಿಯ ಮೂಲೆಯಲ್ಲಿ ನೋಂದಣಿ ಸಂಖ್ಯೆಯ ಜಾಗ ಖಾಲಿ ಇದ್ದದ್ದು ಕಣ್ಣಿಗೆ ಬಿದ್ದು, ಶಂಕರಲಿಂಗನಿಗೆ ಮೊಬೈಲಿನಲ್ಲಿ ಒಂದು ಸಾಲು ಬರೆದು ಕೇಳಿದಳು. ಅವನು ಕಂಪನಿ ಆಫೀಸಿನ ಗೋಡೆಯ ಮೇಲಿನ ಚೌಕಟ್ಟಿನ ಫೋಟೋ ಕಳಿಸಿದ. ಮೂರು ಸಿಂಹದ ಮುದ್ರೆ. ಕೆಳಗೆ: "ಸರ್ಕಾರದ ಸರ್ಟಿಫಿಕೇಟ್ ಅದ ತಂಗಿ, ಎಲ್ಲಾರೂ ಇದನ್ನ ನೋಡೇ ಕೊಟ್ಟಾರ. ನಾನೂ ನಾಕು ಗಿಡ ತಗೊಂಡೇನಿ."

ಆ ಕಾಗದ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಬ್ಬಾ ಅಬ್ದುಲ್ ಗನಿಯ ಮೊಳೆ-ಬಣ್ಣದ ಅಂಗಡಿಯಲ್ಲೂ ಅಂಥದೇ ಒಂದು ತೂಗುತ್ತದೆ. ಹಬ್ಬಕ್ಕೊಮ್ಮೆ ಅವಳೇ ಅದರ ಧೂಳು ಒರೆಸುತ್ತಾಳೆ. ಅದು ಜಿಎಸ್‌ಟಿಯದು. ಮಾರಿದ ಸರಕಿನ ಮೇಲೆ ತೆರಿಗೆ ಕಟ್ಟುವುದಕ್ಕೆ. ಮೊಳೆ ಮಾರುವವನಿಗೂ ಸಿಗುತ್ತದೆ. ಊರವರ ದುಡ್ಡು ಕೂಡಿಸಿಕೋ ಎಂಬ ಅಪ್ಪಣೆ ಅದರಲ್ಲಿ ಎಲ್ಲೂ ಇಲ್ಲ.

ಸೆಬಿಯ ವೆಬ್‌ಸೈಟಿನಲ್ಲಿ ನೋಂದಾಯಿತರ ಪಟ್ಟಿ ತೆರೆದು ಹುಡುಕಿದಳು. ವನಗಂಧ ಎಂದು, ಗಂಧವನ ಎಂದು, ಇಂಗ್ಲಿಷಿನಲ್ಲಿ ಮೂರು ರೀತಿ ಬರೆದು ನೋಡಿದಳು. ಇರಲಿಲ್ಲ. ಸಹಾಯವಾಣಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಹೆಣ್ಣು ದನಿ, "ನಮಸ್ಕಾರ, ಹೇಳಿ ಮೇಡಂ," ಎಂದಿತು. ಮೇಡಂ ಅಂದರೆ ತಾನೇ ಎಂದು ತಿಳಿಯುವಷ್ಟರಲ್ಲಿ ಫೋನು ಇಟ್ಟುಬಿಟ್ಟಳು. ಗಂಗುಬಾಯಿ ಕಾಕಿಗೆ ಏನೆಂದು ಹೇಳುವುದು? ಆ ಅರ್ಜಿಗಳೆಲ್ಲ ತನ್ನ ಮುತ್ತಿನಂಥ ಅಕ್ಷರದಲ್ಲೇ ಇವೆ. ಹೇಳಬೇಕಾದದ್ದನ್ನೆಲ್ಲ ಡೈರಿಗೆ ಹೇಳಿದಳು. ಹೀಗೇ ಮೂರು ವಾರ ಕಳೆಯಿತು.

ಆಮೇಲೆ ಒಂದು ಮಧ್ಯಾಹ್ನ ಅರ್ಧ ನಿದ್ದೆಯಲ್ಲಿ ಅವಳು ತೋಟದೊಳಗೆ ನಡೆಯುತ್ತಿದ್ದಳು. ಬಿಸಿಲು ಎಣ್ಣೆಯಂತೆ ಎಲೆಯಿಂದ ಎಲೆಗೆ ಇಳಿಯುತ್ತಿತ್ತು. ಪ್ರತಿ ಗಿಡದ ಕಾಂಡದ ಮೇಲೂ ಒಂದು ಹೆಸರು, ಹೆಸರಿನ ಕೆಳಗೆ ಒಂದು ಸಂಖ್ಯೆ, ಸೆಬಿಯ ಪಟ್ಟಿಯಲ್ಲಿ ಇದ್ದಂತೆಯೇ. ಯಾರೋ ಇವನ್ನೆಲ್ಲ ಒಂದೊಂದಾಗಿ ಮುಟ್ಟಿ, ಬೇರು ಅಲುಗಿಸಿ ನೋಡಿ ಹೋಗಿದ್ದಾರೆ ಅನ್ನಿಸಿತು. ಇನ್ನೂರಾ ಹನ್ನೊಂದು ಸಿಕ್ಕಿತು. ಇನ್ನೂರಾ ಹದಿಮೂರೂ ಸಿಕ್ಕಿತು. ಎರಡರ ನಡುವೆ ಖಾಲಿ ಮಣ್ಣು. ಆ ಮಣ್ಣಿನ ಮೇಲೆ, ಕೂಡಲು ಕೊಂಬೆಯಿಲ್ಲದೆ, ಹಸಿರು ಹಕ್ಕಿ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಿತ್ತು. ಅವಳನ್ನೇ ನೋಡುತ್ತಿತ್ತು.

"ನಿಶಾತ! ಬಾ ಬೇ, ಕೌದಿ ಮುಗೀಲಾಕತ್ತದ!" ಗಂಗುಬಾಯಿಯ ಕೂಗಿಗೆ ಎಚ್ಚರವಾಯಿತು.

ಪ್ಯಾರಿಬಿಯ ಪಡಸಾಲೆಯಲ್ಲಿ ದೊಡ್ಡ ಕೌದಿ ಹಾಸಿತ್ತು. ಹಳೆಯ ಸೀರೆ, ಕುಪ್ಪಸ, ತೀರಿಹೋದ ಗಂಡನ ನೀಲಿ ಅಂಗಿ, ಎಲ್ಲ ಚೂರುಚೂರಾಗಿ ಕೂಡಿದ್ದವು. ಗಂಗುಬಾಯಿ ಒಂದು ಮಗ್ಗುಲಲ್ಲಿ, ಖಾಲಾ ಇನ್ನೊಂದು ಮಗ್ಗುಲಲ್ಲಿ ಸೂಜಿ ಹಿಡಿದಿದ್ದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಶಂಕರಲಿಂಗ ಚಹಾದ ಬಸಿ ಊದುತ್ತಿದ್ದ. ಖಾಲಾಳ ತೊಡೆಯ ಪಕ್ಕ ರುಮಾಲಿನ ಗಂಟು. ಓಣಿಯ ಹೆಂಗಸರು ತಿಂಗಳಿಗೊಮ್ಮೆ ಕೂಡಿಹಾಕುವ ಭಿಶಿಯ ಚೀಟಿ ಈ ಸಲ ಅವಳ ಹೆಸರಿಗೆ ಎದ್ದಿತ್ತು. ಇಪ್ಪತ್ತು ಸಾವಿರ. ಕೌದಿ ಮುಗಿದ ಕೂಡಲೇ ಅದು ಶಂಕರಲಿಂಗನ ಕೈಗೆ.

ಒಂದು ಮೂಲೆಯಷ್ಟೇ ತೆರೆದಿತ್ತು. ಖಾಲಾ ಅದರೊಳಗೆ ರೊಟ್ಟಿಯ ಒಂದು ಚೂರು ಇಟ್ಟಳು. ಕೌದಿಯ ಹೊಟ್ಟೆ ತುಂಬಬೇಕು, ಹೊದ್ದವರ ಮನೆಯಲ್ಲಿ ಹಸಿವು ಇರಬಾರದು ಎಂದು ಹಾಗೆ ಇಡುತ್ತಾರೆ.

"ಇನ್ನ ಮೂಲಿ ಮುಚ್ಚೂತನ ಯಾರೂ ಸುಳ್ಳು ಹೇಳಬ್ಯಾಡ್ರಿ," ಎಂದಳು ಗಂಗುಬಾಯಿ. "ನಮ್ಮವ್ವ ಹೇಳ್ತಿದ್ಲು, ಸುಳ್ಳು ಕೇಳಿದ ಕೌದಿ ಹೊದ್ಕೊಂಡ್ರ ನಿದ್ದಿ ಹತ್ತೂದಿಲ್ಲಂತ. ಏ ಶಂಕರಲಿಂಗಪ್ಪಾ, ನೀ ಬಾಯಿ ಮುಚ್ಚಿ ಚಾ ಕುಡಿ."

"ಯಾಕ್ರಿ ಅವ್ವಾ, ನಾ ಏನ್ ಮಾಡೀನಿ?"

"ಏಜೆಂಟ್ ಇದ್ದಿ ಅಲ್ಲ, ಅಷ್ಟ ಸಾಕು."

ಅವನೂ ನಕ್ಕ. ಪ್ಯಾರಿಬಿ ಸೂಜಿಗೆ ದಾರ ಹಾಕಲು ನಿಶಾತಳ ಕೈಗೆ ಕೊಟ್ಟು, ಹಾಕಿದ ಸೂಜಿ ತಿರುಗಿ ಪಡೆದು, ಮೆತ್ತಗೆ ಹೇಳಿದಳು: "ಬೇಟಿ, ನಾ ಮೂಲಿ ಹೊಲೀತೇನಿ. ನೀ ನನ್ನ ಗಿಡದ್ದು ಇನ್ನೊಮ್ಮೆ ಹೇಳು. ಹಕ್ಕಿ ಬರ್ತದಲ್ಲ, ಅಲ್ಲಿಂದ."

"ಹೇಳವಾ ತಂಗಿ," ಎಂದ ಶಂಕರಲಿಂಗ. "ನಿನ್ನ ಬಾಯಾಗ ಗಿಡ ಚಿಗರ್ತಾವ."

ಖಾಲಾ ಆಗಲೇ ಕಣ್ಣು ಅರೆ ಮುಚ್ಚಿದ್ದಳು. ಸೂಜಿ ನೀಲಿ ಅಂಗಿಯ ಚೂರಿನೊಳಗೆ ಇಳಿದು, ಎದ್ದು, ಮತ್ತೆ ಇಳಿಯಿತು. ಪಡಸಾಲೆಯ ಬಿಸಿಲಿನಲ್ಲಿ ದಾರದ ಧೂಳು ತೇಲುತ್ತಿತ್ತು. ನಿಶಾತಳಿಗೆ ಅದರ ನಡುವೆ ಹಸಿರು ರೆಕ್ಕೆ ಕಂಡಂತಾಯಿತು. ಇನ್ನು ನಾಲ್ಕೈದು ಹೊಲಿಗೆ. ಆಮೇಲೆ ಮೂಲೆ ಮುಚ್ಚುತ್ತದೆ, ಗಂಟು ಬಿಚ್ಚುತ್ತದೆ. ದುಪಟ್ಟಾದ ಅಂಚು ಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತಿತ್ತೆಂದರೆ ಉಗುರು ಬೆಳ್ಳಗಾಗಿತ್ತು.

ಅವಳ ತುಟಿ ಅಲುಗಿತು.

"ಏನಂದಿ?" ಗಂಗುಬಾಯಿ ಕತ್ತು ಚಾಚಿದಳು. "ಸ್ವಲ್ಪ ಹೊರಗ ಬರ್ಲಿ ಬೇ ಮಾತು. ನಾವೇನು ನಿನ್ನ ಡೈರಿ ಅಲ್ಲ."

ನಿಶಾತ ದುಪಟ್ಟಾ ಬಿಟ್ಟಳು. ಕೈ ಚಾಚಿ, ಸೂಜಿ ಹಿಡಿದ ಖಾಲಾಳ ಕೈಯನ್ನು ಹಿಡಿದುಕೊಂಡಳು. ಶಂಕರಲಿಂಗನ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ. ಓಣಿಯವರು ಅದುವರೆಗೆ ಕೇಳಿರದಷ್ಟು ದೊಡ್ಡ ದನಿಯಲ್ಲಿ ಅಂದಳು:

"ಖಾಲಾ, ಆ ಹಕ್ಕಿ ನಾನ ಹುಟ್ಟಿಸಿದ್ದು. ಗಿಡ ನಾ ನೋಡಿಲ್ರಿ. ಈ ಕಂಪನಿ ಹೆಸರು ಸೆಬಿ ಪಟ್ಟಿನಾಗ ಇಲ್ಲ. ದುಡ್ಡು ಕೊಡಬ್ಯಾಡ್ರಿ."